‘ಕಟ್ಟು’ ಪದಕ್ಕೆ ಎಷ್ಟು ಅಂಕ?

ಮಕ್ಕಳೇ, ಶಿಕಾರಿಪುರ, ಸೊರಬ ಎಂದರೆ ಕೆರೆಗಳ ಸೀಮೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕುಬ್ಜ ಎಂಬ ಕವಿಯ ಸಂಸ್ಕೃತ ಶಾಸನ ಕೆತ್ತಿದ ಕಂಬವಿದೆ. ಕದಂಬರ ದೊರೆ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನು ಅದು ಸುಮಾರು 1,500 ವರ್ಷಗಳಿಂದ ಹೇಳುತ್ತಲೇ ಇದೆ.

ಕೆರೆ ಮಾತ್ರವೇ? ಸೊರಬದ ಗುಡವಿಯಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಅಮ್ಮ ಬುತ್ತಿ ಕಟ್ಟುತ್ತಾಳೆ. ಮೋಡ ಕಟ್ಟುತ್ತದೆ, ಭತ್ತ ಕಾಳು ಕಟ್ಟುತ್ತದೆ, ನೆಗಡಿಯಾದರೆ ಮೂಗು ಕಟ್ಟುತ್ತದೆ. ಗಮನಿಸಿ: ಚೆದುರಿದ್ದು ಒಂದಾಗುತ್ತದೆ, ಇಲ್ಲವೇ ಹರಿಯುವುದು ನಿಲ್ಲುತ್ತದೆ. ಕೆರೆಯ ಏರಿಯಲ್ಲಿ ಎರಡೂ ಉಂಟು. ಹಾಗಾದರೆ ಅಪ್ಪ ಕರೆಂಟ್ ಬಿಲ್ ‘ಕಟ್ಟುವುದು’ ಯಾವ ಗುಂಪಿಗೆ? ನೀವೇ ಯೋಚಿಸಿ.

ಈಗ ಬಾಯಲ್ಲೇ ಒಂದು ಪ್ರಯೋಗ. ‘ಕಟು’ ಅನ್ನಿ, ಆಮೇಲೆ ‘ಕಟ್ಟು’ ಅನ್ನಿ. ಎರಡರಲ್ಲೂ ನಾಲಗೆಯ ತುದಿ ಮೇಲೆ ಮಡಚಿ ಅಂಗುಳಕ್ಕೆ ತಾಗಿ ಉಸಿರನ್ನು ತಡೆಯುತ್ತದೆ. ‘ಕಟು’ವಿನಲ್ಲಿ ತಡೆದದ್ದೇ ಬಿಟ್ಟುಬಿಡುತ್ತದೆ. ‘ಕಟ್ಟು’ವಿನಲ್ಲಿ, ಏರಿ ನೀರನ್ನು ನಿಲ್ಲಿಸಿಕೊಂಡು ತೂಬಿನಲ್ಲಿ ಬಿಟ್ಟ ಹಾಗೆ, ಇನ್ನಷ್ಟು ಹೊತ್ತು ಹಿಡಿದು ಬಿಡುತ್ತದೆ. ಹಿಡಿದಿರುವಾಗ ದನಿಯೇ ಇಲ್ಲ! ಆ ಪುಟ್ಟ ಮೌನವನ್ನೂ ನಮ್ಮ ಕಿವಿ ಅಳೆಯುತ್ತದೆ. ಇಲ್ಲದಿದ್ದರೆ ‘ಕತೆ’ ಕೇಳಲು ಕೂತವರಿಗೆ ‘ಕತ್ತೆ’ ಸಿಕ್ಕೀತು.

ಇನ್ನು ಆಟ. ಪದಬಂಧದಲ್ಲಿ ‘ಕಟ್ಟು’ಗೆ 2 ಮನೆ ಸಾಕು. ಛಂದಸ್ಸಿನಲ್ಲಿ 3 ಮಾತ್ರೆ: ಒತ್ತಕ್ಷರದ ಹಿಂದಿನ ‘ಕ’ ಗುರುವಾಗಿ 2, ‘ಟ್ಟು’ 1. ಬಿಡಿಸಿ ಬರೆದರೆ ಕ್, ಅ, ಟ್, ಟ್, ಉ, ಒಟ್ಟು 5. ಒಂದೇ ಪದ, ನಾವು ಏನನ್ನು ಎಣಿಸುತ್ತೇವೋ ಅದರಂತೆ ಬೆಲೆ.

ಅಮೆರಿಕದ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಪತ್ರಿಕೆಯ ಅಕ್ಷರಗಳನ್ನು ಎಣಿಸಿದರು. ಪದೇ ಪದೇ ಬರುವ ಅಕ್ಷರಕ್ಕೆ ಕಡಿಮೆ ಅಂಕ, ಅಪರೂಪದ್ದಕ್ಕೆ ಹೆಚ್ಚು. ಹಾಗೆ ರೂಪುಗೊಂಡ ಆಟವೇ ಸ್ಕ್ರ್ಯಾಬಲ್. ಕೊನೆಯ ಅಕ್ಷರ ಹಿಡಿದು ಮುಂದಿನ ಪದ ಹೇಳುವ ನಮ್ಮ ಆಟದಲ್ಲೂ ‘ಕಟ್ಟು’ ಜಾಣ ಪದ. ‘ಟ’ದಿಂದ ಶುರುವಾಗುವ ಮಾತುಗಳು ನಮ್ಮಲ್ಲಿ ಕಡಿಮೆ. ಟಗರು, ಟೊಂಗೆ, ಟೊಪ್ಪಿ ಮುಗಿದ ಮೇಲೆ ಎದುರಿನವರು ತಡವರಿಸುತ್ತಾರೆ.

ಇವತ್ತಿನ ಪತ್ರಿಕೆಯ ಒಂದು ಸುದ್ದಿ ತೆಗೆದುಕೊಳ್ಳಿ. ‘ಕ’, ‘ಟ’, ‘ಮ’, ‘ಝ’ಗಳಿಂದ ಶುರುವಾಗುವ ಪದಗಳನ್ನು ಎಣಿಸಿ. ಬಟ್ಸ್ ಮಾಡಿದಂತೆ ಅಂಕ ಹಂಚಿ, ಗೆಳೆಯರೊಡನೆ ನಿಮ್ಮದೇ ಕನ್ನಡ ಆಟವೊಂದನ್ನು ಕಟ್ಟಿ.