ಲೈಪ್‌ಜಿಗ್ ನಗರದ ಅಧ್ಯಕ್ಷ

ಮೇಯರ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಒಂದು ವರ್ಷದ ಮಟ್ಟಿಗೆ ನಿಲುವಂಗಿ ಧರಿಸಿ ಸಮಾರಂಭಗಳನ್ನು ಅಲಂಕರಿಸುವ ಮಹನೀಯರ ಚಿತ್ರ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಜರ್ಮನಿಯ ದೊಡ್ಡ ಪಟ್ಟಣಗಳಲ್ಲಿ ಸಂಪ್ರದಾಯವೇ ಬೇರೆಯಾಗಿತ್ತು. ಅಲ್ಲಿ ನಗರಾಧ್ಯಕ್ಷನೆಂದರೆ ಆಡಳಿತದಲ್ಲಿ ನುರಿತ, ದೀರ್ಘಾವಧಿಗೆ ನೇಮಕಗೊಂಡ, ಸಂಬಳ ಪಡೆಯುವ ಅಧಿಕಾರಿ. ನೀರು, ದೀಪ, ಟ್ರಾಮು, ನಾಟಕಶಾಲೆ ಎಲ್ಲವೂ ಅವನ ಹೊಣೆ. ಅಂಥವರಲ್ಲಿ ಒಬ್ಬನಾದ ಕಾರ್ಲ್ ಗೋರ್ಡೆಲರನ ವಿಷಯವಾಗಿ ನಾಲ್ಕು ಮಾತು ಹೇಳಬಯಸುತ್ತೇನೆ.

ಆತ ಹುಟ್ಟಿದ್ದು 1884ರಲ್ಲಿ, ಅಂದಿನ ಪ್ರಷ್ಯದ ಒಂದು ಸಣ್ಣ ಊರಿನಲ್ಲಿ, ನ್ಯಾಯಾಧೀಶನ ಮಗ. ಕಾನೂನು ಓದಿ, ತತ್ತ್ವಜ್ಞಾನಿ ಕಾಂಟ್ ಬದುಕಿದ್ದ ಕೋನಿಗ್ಸ್‌ಬರ್ಗ್ ಪಟ್ಟಣದಲ್ಲಿ ಹತ್ತು ವರ್ಷ ಉಪಾಧ್ಯಕ್ಷನಾಗಿದ್ದು, 1930ರಲ್ಲಿ ಲೈಪ್‌ಜಿಗ್ಗಿನ ಅಧ್ಯಕ್ಷನಾದ. ಮಿತವ್ಯಯಿ, ಶಿಸ್ತುಗಾರ, ಹಳೆಯ ಮರ್ಯಾದೆಗಳ ಪಕ್ಷಪಾತಿ. ಪ್ರಜಾಪ್ರಭುತ್ವದ ಮಹಾಭಕ್ತನೆಂದು ಅವನನ್ನು ಬಣ್ಣಿಸಿದರೆ ಸತ್ಯಕ್ಕೆ ಅಪಚಾರವಾದೀತು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಗೋರ್ಡೆಲರ್ ನಾಜಿ ಪಕ್ಷವನ್ನು ಸೇರಲಿಲ್ಲ. ಯೆಹೂದ್ಯರ ಅಂಗಡಿಗಳ ಬಹಿಷ್ಕಾರವನ್ನು ತಡೆಯಲು ತಾನೇ ಬೀದಿಗಿಳಿದ. ಆದರೆ ಪದವಿಯನ್ನು ಬಿಡಲೂ ಇಲ್ಲ. ಹಿಟ್ಲರನ ಸರ್ಕಾರದಲ್ಲಿ ಬೆಲೆ ನಿಯಂತ್ರಣದ ಅಧಿಕಾರಿಯಾಗಿಯೂ ದುಡಿದ. ಯೆಹೂದ್ಯರ ಹಕ್ಕುಗಳನ್ನು ಕಸಿದ ಕಾನೂನುಗಳು ಅವನ ಕಚೇರಿಯ ಮೂಲಕವೇ ಜಾರಿಗೆ ಬಂದವು. ತರ್ಕಬದ್ಧವಾದ ನಿವೇದನಪತ್ರವೊಂದನ್ನು ಬರೆದರೆ ಆಳುವವನು ತಿದ್ದಿಕೊಂಡಾನೆಂಬ ನಂಬಿಕೆ ಅವನದು. ವಿಶ್ವವಿದ್ಯಾನಿಲಯದ ಸಮಿತಿಗಳಲ್ಲಿ ಕುಳಿತವರಿಗೆ ಈ ನಂಬಿಕೆ ಅಪರಿಚಿತವಲ್ಲ.

ಅವನ ತಾಳ್ಮೆ ಮುಗಿದದ್ದು ಒಂದು ಕಂಚಿನ ಪ್ರತಿಮೆಯ ಸಂಬಂಧವಾಗಿ. ಲೈಪ್‌ಜಿಗ್ಗಿನ ಪ್ರಸಿದ್ಧ ಸಂಗೀತಭವನವಾದ ಗೆವಾಂಟ್‌ಹೌಸಿನ ಎದುರಿಗೆ 1892ರಿಂದ ಫೆಲಿಕ್ಸ್ ಮೆಂಡೆಲ್‌ಸೋನನ ಪ್ರತಿಮೆ ನಿಂತಿತ್ತು. ಆ ವಾದ್ಯಮೇಳಕ್ಕೆ ಕೀರ್ತಿ ತಂದವನು ಅವನು. ಊರಿನಲ್ಲಿ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದವನೂ ಅವನೇ. ಲೈಪ್‌ಜಿಗ್ಗಿನಲ್ಲೇ ಬಾಳಿ ಮಡಿದು, ಜನ ಬಹುಮಟ್ಟಿಗೆ ಮರೆತಿದ್ದ ಬಾಖ್‌ನ ಮಹಾಕೃತಿಯೊಂದನ್ನು 1829ರಲ್ಲಿ ಬರ್ಲಿನ್ನಿನಲ್ಲಿ ನುಡಿಸಿ ಜರ್ಮನರಿಗೆ ಮರಳಿಸಿದವನು. ಕ್ರೈಸ್ತನಾಗಿ ದೀಕ್ಷೆ ಪಡೆದಿದ್ದರೂ ಹುಟ್ಟಿನಿಂದ ಯೆಹೂದ್ಯ. ನಾಜಿಗಳಿಗೆ ಅಷ್ಟು ಸಾಕು. ಪ್ರತಿಮೆಯನ್ನು ತೆಗೆಯಬೇಕೆಂದು ಅವರು ಹಠ ಹಿಡಿದರು, ಗೋರ್ಡೆಲರ್ ಒಪ್ಪಲಿಲ್ಲ. 1936ರ ನವೆಂಬರಿನಲ್ಲಿ ಆತ ಪರದೇಶ ಪ್ರವಾಸದಲ್ಲಿದ್ದಾಗ, ನಾಜಿ ಪಕ್ಷದವನೇ ಆಗಿದ್ದ ಉಪಾಧ್ಯಕ್ಷ ಅದನ್ನು ಕೀಳಿಸಿಹಾಕಿದ. ಹಿಂತಿರುಗಿದ ಗೋರ್ಡೆಲರ್ ಪ್ರತಿಮೆಯನ್ನು ಮತ್ತೆ ನಿಲ್ಲಿಸಬೇಕೆಂದು ಕೇಳಿದ; ಆಗಲಿಲ್ಲ. ಪದವಿ ತ್ಯಜಿಸಿ 1937ರ ಮಾರ್ಚ್ ಕೊನೆಗೆ ಕಚೇರಿಯಿಂದ ಹೊರನಡೆದ.

ಜೀವಂತ ಮನುಷ್ಯರಿಗೆ ಅನ್ಯಾಯವಾದಾಗ ಬಿಡದ ಪದವಿಯನ್ನು ಪ್ರತಿಮೆಗಾಗಿ ಬಿಟ್ಟನೇ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಒಳಗಿದ್ದು ಒಂದಿಷ್ಟನ್ನು ಉಳಿಸಿಕೊಳ್ಳುತ್ತೇನೆಂದು ತನಗೆ ತಾನೇ ಹೇಳಿಕೊಂಡು ಬಂದವನಿಗೆ, ತನ್ನ ಸ್ವಂತ ಊರಿನ ಒಂದು ಕಲ್ಲುಪೀಠವನ್ನು ಕೂಡ ಉಳಿಸಿಕೊಳ್ಳಲಾರೆನೆಂಬುದು ಅಂದು ಬರಿಗಣ್ಣಿಗೆ ಕಂಡಿತೆಂದು ನನ್ನ ಊಹೆ.

ಮುಂದೆ ಅವನಿಗೆ ಆಸರೆ ಕೊಟ್ಟವನು ಉದ್ಯಮಿ ರಾಬರ್ಟ್ ಬಾಷ್. ಬೆಂಗಳೂರಿನ ಮೈಕೋ ಕಾರ್ಖಾನೆಯ ಮೂಲಕ ನಮಗೂ ಪರಿಚಿತವಾದ ಹೆಸರು. ಆ ಕೆಲಸದ ನೆಪದಲ್ಲಿ ಯೂರೋಪು, ಅಮೆರಿಕಗಳನ್ನು ಸುತ್ತಿ ಹಿಟ್ಲರನ ವಿಷಯದಲ್ಲಿ ಎಚ್ಚರಿಕೆ ನುಡಿದ. ಯುದ್ಧಕಾಲದಲ್ಲಿ ಗುಪ್ತ ವಿರೋಧಿಗಳ ಮುಂದಾಳಾದ. ಹಿಟ್ಲರ್ ಉರುಳಿದ ಮೇಲೆ ಪ್ರಧಾನಿಯಾಗಬೇಕಾಗಿದ್ದವನು ಇವನೇ. ಆದರೂ ಹತ್ಯೆಗೆ ಅವನ ಮನಸ್ಸು ಒಗ್ಗಲಿಲ್ಲ. ಬಂಧಿಸಿ ನ್ಯಾಯಾಲಯದ ಮುಂದೆ ನಿಲ್ಲಿಸಬೇಕೆಂಬುದೇ ಅವನ ಅಭಿಮತ. ನ್ಯಾಯಾಧೀಶನ ಮಗನಲ್ಲವೇ!

1944ರ ಜುಲೈ 20ರ ಬಾಂಬು ಗುರಿ ತಪ್ಪಿತು. ಗೋರ್ಡೆಲರನ ತಲೆಗೆ ಹತ್ತು ಲಕ್ಷ ಮಾರ್ಕುಗಳ ಬಹುಮಾನ ಸಾರಲಾಯಿತು. ಗುರುತು ಹಿಡಿದ ಹೆಂಗಸೊಬ್ಬಳು ಸುಳಿವು ಕೊಟ್ಟಳು; ಆಗಸ್ಟಿನಲ್ಲಿ ಸೆರೆಸಿಕ್ಕ. ವಿಚಾರಣೆಯಲ್ಲಿ ಅನೇಕರ ಹೆಸರು ಹೇಳಿದನೆಂಬ ಕಳಂಕವೂ ಅವನಿಗುಂಟು. 1945ರ ಫೆಬ್ರವರಿ 2ರಂದು ಬರ್ಲಿನ್ನಿನ ಸೆರೆಮನೆಯಲ್ಲಿ ಮರಣದಂಡನೆಯಾಯಿತು. ಯುದ್ಧ ಮುಗಿಯಲು ಆಗ ಉಳಿದಿದ್ದುದು ಸುಮಾರು ಮೂರು ತಿಂಗಳು.

ಮೆಂಡೆಲ್‌ಸೋನನ ಪ್ರತಿಮೆಯ ಪ್ರತಿಕೃತಿಯೊಂದನ್ನು 2008ರಲ್ಲಿ, ಬಾಖ್ ಸೇವೆ ಸಲ್ಲಿಸಿದ್ದ ಸಂತ ಥಾಮಸರ ಇಗರ್ಜಿಯ ಬಳಿ ನಿಲ್ಲಿಸಿದರು. ಗೋರ್ಡೆಲರನಿಗೆ ಸ್ಮಾರಕವಾದದ್ದು ಅದಕ್ಕೂ ಮುಂಚೆ, 1999ರಲ್ಲಿ. ಅದು ಪ್ರತಿಮೆಯಲ್ಲ. ನಗರಸಭಾಭವನದ ಪಕ್ಕದಲ್ಲಿ ಬಾವಿಯಂಥ ಒಂದು ಕುಳಿ, ಅದರೊಳಗೆ ಒಂದು ಗಂಟೆ. ಸುತ್ತಲಿನ ಕಲ್ಲಿನಲ್ಲಿ ಅವನ ಬರಹಗಳಿಂದ ಆಯ್ದ ಮಾತುಗಳು.