ಸ್ಟೆಪ್ನಿ ಇದ್ದರೆ ಸಾಲದು



ಅಲಾಸ್ಕಾದ ಡಾಲ್ಟನ್ ಹೆದ್ದಾರಿ 1974ರಲ್ಲಿ ತೈಲದ ಪೈಪ್‌ಲೈನ್ ಕೆಲಸಕ್ಕಾಗಿ ಹಾಕಿದ ರಸ್ತೆ. ಉದ್ದ 666 ಕಿ.ಮೀ., ಹೆಚ್ಚಿನ ಭಾಗ ಜಲ್ಲಿ. ಕೋಲ್ಡ್‌ಫುಟ್ ಎಂಬ ಊರು ದಾಟಿದರೆ ಮುಂದಿನ 386 ಕಿ.ಮೀ. ಬಂಕ್ ಇಲ್ಲ, ಗ್ಯಾರೇಜ್ ಇಲ್ಲ.

ಹಳೆಯ ಪಿಕಪ್ ಟ್ರಕ್ಕಿನಲ್ಲಿ ಅಲ್ಲಿಗೆ ಹೊರಡುವವರು ಎರಡು ಸ್ಟೆಪ್ನಿ, ಜಾಕ್, ಹೆಚ್ಚುವರಿ ಇಂಧನ, ಲಾರಿಯವರೊಡನೆ ಮಾತಾಡಲು ಸಿಬಿ ರೇಡಿಯೊ ಇಟ್ಟುಕೊಳ್ಳಬೇಕು. ಗಾಡಿ ಹಳೆಯದೆಂಬುದಕ್ಕಿಂತ, ಸ್ಟೆಪ್ನಿ ಇದ್ದೂ ಹಾಕಲು ಬಾರದಿರುವುದೇ ದೊಡ್ಡ ಅಪಾಯ. ನಮ್ಮ ಐಟಿಯಲ್ಲೂ ಅಷ್ಟೇ: ಬ್ಯಾಕಪ್ ಇದ್ದರೆ ಸಾಲದು, ಒಮ್ಮೆ ರಿಸ್ಟೋರ್ ಮಾಡಿ ನೋಡಿರಬೇಕು.

ಇಲ್ಲಿ ಕಾರು ಓಡಿಸುವವರು ಬಹಳ ಜನ ಇದ್ದೀರಿ. ಪಂಕ್ಚರ್ ಆದರೆ ಮೊದಲು ಮನೆಯವರಿಗೇ ಫೋನು! ಈ ಭಾನುವಾರ ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ನಟ್ ಸಡಿಲಿಸಿ, ಆಮೇಲೆ ಜಾಕ್ ಏರಿಸಿ, ಒಂದು ಚಕ್ರ ನೀವೇ ಬದಲಿಸಿ ನೋಡಿ.