ಜೀವಕೋಶದ ಬಾಗಿಲಲ್ಲಿ ಸಂದೇಶ



ಕತ್ತಲೆಯಲ್ಲಿ ಬಿದ್ದ ಹಗ್ಗವನ್ನು ಹಾವೆಂದು ಬಗೆದು ಬೆಚ್ಚಿದವನ ದೃಷ್ಟಾಂತವು ಶಾಸ್ತ್ರಜ್ಞರಿಗೆ ಬಹು ಪ್ರಿಯವಾದುದು. ಹಗ್ಗವೆಂಬ ತಿಳಿವು ಉಂಟಾದೊಡನೆ ಹಾವಿನ ಭ್ರಾಂತಿಯು ಅಳಿಯುವುದೆಂದು ಅವರು ಹೇಳುವರು. ಆದರೆ ದೀಪವನ್ನು ತಂದು ನೋಡಿ ನಿಶ್ಚಯಿಸಿಕೊಂಡ ಮೇಲೆಯೂ ಆ ಮನುಷ್ಯನ ಎದೆಯು ಕೆಲವು ಹೊತ್ತು ಡವಡವನೆ ಬಡಿಯುತ್ತಲೇ ಇರುವುದನ್ನು ಯಾರು ಕಂಡಿಲ್ಲ? ಹಾವು ಸುಳ್ಳಾದರೂ ದೇಹದಲ್ಲಿ ನಡೆದ ವ್ಯಾಪಾರವು ಸುಳ್ಳಲ್ಲ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸವು ನೆತ್ತರಿಗೆ ಇಳಿದು, ಹೃದಯದ ಬಡಿತವನ್ನು ಹೆಚ್ಚಿಸಿ, ಶ್ವಾಸನಾಳಗಳನ್ನು ಹಿಗ್ಗಿಸಿ, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊರಕ್ಕೆ ತರುವುದು. ಒಂದೇ ರಸವು ಒಂದೆಡೆಯಲ್ಲಿ ಸ್ನಾಯುವನ್ನು ಬಿಗಿಸುವುದು, ಇನ್ನೊಂದೆಡೆಯಲ್ಲಿ ಸಡಿಲಿಸುವುದು. ಹಾಗಾದರೆ ಈ ಸಂದೇಶವನ್ನು ಜೀವಕೋಶಗಳು ಕೇಳುವುದು ಎಂತು? ಕೇಳುವ ಕಿವಿ ಎಲ್ಲಿದೆ?

1905ರಲ್ಲಿ ಕೇಂಬ್ರಿಜ್ಜಿನ ಶರೀರಶಾಸ್ತ್ರಜ್ಞರಾದ ಜಾನ್ ಲ್ಯಾಂಗ್ಲಿಯವರು ಈ ಕಿವಿಯ ಸುಳಿವನ್ನು ಕೊಟ್ಟರು. ಕೋಳಿಯ ಸ್ನಾಯುವಿಗೆ ಹೊಗೆಸೊಪ್ಪಿನ ಸಾರವಾದ ನಿಕೋಟಿನನ್ನು ಸೋಕಿಸಿದರೆ ಅದು ಸೆಟೆಯುತ್ತಿದ್ದಿತು. ದಕ್ಷಿಣ ಅಮೆರಿಕದ ಬೇಡರು ಬಾಣದ ತುದಿಗೆ ಸವರುವ ಕುರಾರೆ ಎಂಬ ವಿಷವನ್ನು ಕೊಟ್ಟರೆ ಸಡಿಲುತ್ತಿದ್ದಿತು. ನರವನ್ನು ಕಡಿದು ಅದು ಕ್ಷಯಿಸಿದ ಮೇಲೆಯೂ ಇದರಲ್ಲಿ ಭೇದವಿಲ್ಲ. ಆದುದರಿಂದ ಸ್ನಾಯುವಿನಲ್ಲಿಯೇ ಈ ದ್ರವ್ಯಗಳನ್ನು ಸ್ವೀಕರಿಸುವ ಒಂದು ವಸ್ತುವಿರಲೇಬೇಕೆಂದು ಅವರು ತರ್ಕಿಸಿದರು. ಅದೇ ಕಾಲದಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಅವರ ಬರಹಗಳಿಂದ ಆ ವಸ್ತುವಿಗೆ ಗ್ರಾಹಕವೆಂಬರ್ಥದ ಹೆಸರು ನಿಂತಿತು.

ಹೆಸರು ನಿಂತಿತು, ವಸ್ತುವು ಕಾಣಲಿಲ್ಲ. 1948ರಲ್ಲಿ ಅಮೆರಿಕದ ರೇಮಂಡ್ ಆಲ್ಕ್ವಿಸ್ಟ್ ಅವರು ಅಡ್ರಿನಲಿನ್ನಿಗೆ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಗ್ರಾಹಕಗಳಿರಬೇಕೆಂದು ಬರೆದರು. ಒಂದು ಪತ್ರಿಕೆಯು ಆ ಲೇಖನವನ್ನು ಹಿಂದಿರುಗಿಸಿತು. ಆ ವಿಂಗಡಣೆಯನ್ನು ನಂಬಿಯೇ ಇಂಗ್ಲೆಂಡಿನಲ್ಲಿ ಜೇಮ್ಸ್ ಬ್ಲ್ಯಾಕ್ ಅವರು ಬೀಟಾ ಗ್ರಾಹಕವನ್ನು ಮುಚ್ಚಿ ಹೃದಯದ ಆತುರವನ್ನು ತಗ್ಗಿಸುವ ಪ್ರೊಪ್ರನಲಾಲ್ ಎಂಬ ಔಷಧವನ್ನು ನಿರ್ಮಿಸಿ ಅಸಂಖ್ಯ ರೋಗಿಗಳ ಎದೆನೋವನ್ನು ಶಮನಗೊಳಿಸಿದರು. ಇಷ್ಟಾದರೂ ಆಲ್ಕ್ವಿಸ್ಟ್ ಅವರೇ 1973ರಲ್ಲಿ ತಮ್ಮ ಗ್ರಾಹಕಗಳು ನಿಜವಾಗಿ ಇವೆಯೆಂದು ಹೇಳಲು ಹಿಂಜರಿದರು. ಅವು ವಿವರಣೆಯ ಅನುಕೂಲಕ್ಕಾಗಿ ಕಲ್ಪಿಸಿಕೊಂಡ ಭಾವನೆಗಳೆಂಬುದೇ ಅವರ ಅಭಿಪ್ರಾಯ. ಔಷಧವು ಕೈಯಲ್ಲಿದ್ದಿತು, ಅದು ತಗಲುವ ಸ್ಥಾನವು ಮಾತ್ರ ಹಗ್ಗವೋ ಹಾವೋ ತಿಳಿಯದಾಗಿದ್ದಿತು!

ಈ ಸಂಶಯವನ್ನು ಬಿಡಿಸಿದವರಲ್ಲಿ ಮುಖ್ಯರಾದವರು ರಾಬರ್ಟ್ ಲೆಫ್ಕೊವಿಟ್ಸ್ ಎಂಬ ವೈದ್ಯರು. 1943ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಜನಿಸಿದ ಇವರು ತಮ್ಮ ಮನೆಯ ವೈದ್ಯರನ್ನು ಕಂಡು ಬಾಲ್ಯದಲ್ಲಿಯೇ ವೈದ್ಯವೃತ್ತಿಗೆ ಮನಸೋತವರು. ವಿಯೆಟ್ನಾಮ್ ಯುದ್ಧಕಾಲದಲ್ಲಿ ತರುಣ ವೈದ್ಯರಿಗೆ ವಿಧಿಸಿದ್ದ ಸೇವೆಯನ್ನು 1968ರಿಂದ 1970ರ ವರೆಗೆ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸಲ್ಲಿಸಬೇಕಾಗಿ ಬಂದುದರಿಂದ, ಸಂಶೋಧನೆಯು ಅವರಿಗೆ ಬಯಸದೆ ಬಂದ ಕಾರ್ಯವಾಯಿತು. ಒಂದು ವರ್ಷಕ್ಕೂ ಮಿಕ್ಕು ಒಂದು ಪ್ರಯೋಗವೂ ಕೈಗೂಡಲಿಲ್ಲ. ಅದೇ ಅವಧಿಯಲ್ಲಿ ತಂದೆಯವರು ಹೃದಯಾಘಾತದಿಂದ ತೀರಿಕೊಂಡರು. ಈ ಕೆಲಸವು ತಮ್ಮದಲ್ಲ, ರೋಗಿಗಳ ಬಳಿಗೆ ಮರಳುವುದೇ ಲೇಸೆಂದು ಅವರು ನಿಶ್ಚಯಿಸಿದ್ದಾಗ ಪ್ರಯೋಗವು ಫಲಿಸತೊಡಗಿತು. ಒಂದು ಹಾರ್ಮೋನಿಗೆ ವಿಕಿರಣಶೀಲ ಅಯೋಡಿನನ್ನು ಅಂಟಿಸಿ, ಅದು ಕೋಶದ ಪೊರೆಯಲ್ಲಿ ಕಚ್ಚಿಕೊಳ್ಳುವುದನ್ನು ಅಳೆದುದೇ ಅವರ ಉಪಾಯ. ಕಳ್ಳನ ಕಾಲಿಗೆ ಗೆಜ್ಜೆ ಕಟ್ಟಿ ಅವನ ಮನೆಯನ್ನು ಹುಡುಕಿದಂತೆ!

1973ರಲ್ಲಿ ಉತ್ತರ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಬಂದು ಅವರು ಬೀಟಾ ಗ್ರಾಹಕವನ್ನು ಹಿಡಿಯಲು ನಿಂತರು. ಆ ಗ್ರಾಹಕವು ಪೊರೆಯಲ್ಲಿ ಅತ್ಯಲ್ಪವಾಗಿರುವುದರಿಂದ, ಅದನ್ನು ಶುದ್ಧರೂಪದಲ್ಲಿ ಪಡೆಯಬೇಕಾದರೆ ಸುಮಾರು ಒಂದು ಲಕ್ಷ ಪಟ್ಟು ಸೋಸಬೇಕಾಗಿದ್ದಿತು. ಶಿಷ್ಯರೊಡನೆ ಸುಮಾರು ಹತ್ತು ವರ್ಷ ದುಡಿದರು. ಶುದ್ಧವಾದ ಪ್ರೋಟೀನು ದೊರೆತ ಮೇಲೆ, ಇದೇ ಆ ಗ್ರಾಹಕವೆಂಬುದಕ್ಕೆ ಪ್ರಮಾಣವೇನೆಂಬ ಪ್ರಶ್ನೆ ಉಳಿಯಿತು. ಇದಕ್ಕೆ 1983ರಲ್ಲಿ ಅವರು ಕೊಟ್ಟ ಉತ್ತರವು ಬಲು ಸೊಗಸಾದುದು. ಆಫ್ರಿಕದ ಒಂದು ಕಪ್ಪೆಯ ಕೆಂಪು ರಕ್ತಕಣಗಳು ಅಡ್ರಿನಲಿನ್ನಿಗೆ ಕಿವುಡಾಗಿವೆ. ಸೋಸಿ ತೆಗೆದ ಪ್ರೋಟೀನನ್ನು ಅವುಗಳ ಪೊರೆಯಲ್ಲಿ ಬೆರಸಿದರು. ಕಿವುಡು ಕಣಗಳು ಕೇಳತೊಡಗಿದವು. ಇದಕ್ಕಿಂತ ಮಿಗಿಲಾದ ಸಾಕ್ಷ್ಯವನ್ನು ಬೇಡುವುದು ಹಟವಲ್ಲದೆ ಬೇರಲ್ಲ.

ಹೊರಗೆ ಕೇಳಿದ ಸಂದೇಶವು ಒಳಗೆ ಮುಟ್ಟುವ ಬಗೆಯನ್ನು ಬೇರೆ ಪಂಡಿತರು ತಿಳಿಸಿದ್ದರು. ಅಡ್ರಿನಲಿನ್ ಕೋಶದೊಳಕ್ಕೆ ಕಾಲಿಡುವುದೇ ಇಲ್ಲ. ಅದು ಹೊಸ್ತಿಲಲ್ಲಿ ಗ್ರಾಹಕವನ್ನು ಮುಟ್ಟುವುದು. ಗ್ರಾಹಕವು ತನ್ನ ಆಕಾರವನ್ನು ತುಸು ಬದಲಿಸಿ ಒಳಮಗ್ಗುಲಲ್ಲಿರುವ ಜಿ-ಪ್ರೋಟೀನನ್ನು ಎಚ್ಚರಿಸುವುದು. ಅದು ಒಂದು ಕಿಣ್ವವನ್ನು ಪ್ರೇರಿಸಲು, ಎರಡನೆಯ ದೂತನಾದ ಸೈಕ್ಲಿಕ್ ಎ.ಎಂ.ಪಿ. ರಾಶಿರಾಶಿಯಾಗಿ ಹುಟ್ಟುವುದು. ಈ ಎರಡನೆಯ ದೂತನನ್ನು ಕಂಡ ಅರ್ಲ್ ಸದರ್ಲೆಂಡ್ ಅವರಿಗೆ 1971ರಲ್ಲಿಯೂ, ಜಿ-ಪ್ರೋಟೀನನ್ನು ಕಂಡ ಗಿಲ್ಮನ್ ಮತ್ತು ರಾಡ್ಬೆಲ್ ಅವರಿಗೆ 1994ರಲ್ಲಿಯೂ ನೊಬೆಲ್ ಪಾರಿತೋಷಿಕಗಳು ದೊರೆತವು.

1984ರಲ್ಲಿ ಲೆಫ್ಕೊವಿಟ್ಸ್ ಅವರ ಬಳಿಗೆ ಬ್ರಯನ್ ಕೊಬಿಲ್ಕಾ ಎಂಬ ತರುಣ ವೈದ್ಯರು ಬಂದರು. ಮಿನೆಸೋಟದ ಒಂದು ಸಣ್ಣ ಊರಿನಲ್ಲಿ ರೊಟ್ಟಿ ಸುಡುವ ಕಸುಬಿನವರ ಮನೆಯಲ್ಲಿ ಹುಟ್ಟಿದವರು. ಇವರೂ ಸಹೋದ್ಯೋಗಿಗಳೂ 1986ರಲ್ಲಿ ಗ್ರಾಹಕದ ವಂಶವಾಹಿಯನ್ನು ಓದಿದಾಗ ಎಲ್ಲರೂ ಬೆರಗಾದರು. ಆ ಪ್ರೋಟೀನು ಪೊರೆಯನ್ನು ಏಳು ಬಾರಿ ಹೊಲಿಗೆಯ ದಾರದಂತೆ ಹಾದುಹೋಗಿದ್ದಿತು. ಕಣ್ಣಿನಲ್ಲಿ ಬೆಳಕನ್ನು ಹಿಡಿಯುವ ರೊಡಾಪ್ಸಿನ್ನಿನ ರಚನೆಯೂ ಹಾಗೆಯೇ! ಬೆಳಕನ್ನು ಕಾಣುವ ಯಂತ್ರವೂ ಭಯದ ಸುದ್ದಿಯನ್ನು ಕೇಳುವ ಯಂತ್ರವೂ ಒಂದೇ ಕುಲದವೆಂದು ಅದುವರೆಗೆ ಯಾರು ಎಣಿಸಿದ್ದರು? ಮನುಷ್ಯನಲ್ಲಿ ಈ ಕುಲದ ಸುಮಾರು 800 ಗ್ರಾಹಕಗಳಿರುವುದು ಮುಂದೆ ತಿಳಿದುಬಂದಿತು. ವಾಸನೆಯನ್ನು ಅರಿಯುವವು ಇವೇ. ಸಿಹಿ ಕಹಿಗಳನ್ನು ಅರಿಯುವವೂ ಇವೇ. ಬಳಕೆಯಲ್ಲಿರುವ ಔಷಧಗಳಲ್ಲಿ ಮೂರನೆಯ ಒಂದು ಪಾಲು ಇವುಗಳ ಮೂಲಕವೇ ಕೆಲಸ ಮಾಡುವವು.

ಕೊಬಿಲ್ಕಾ ಅವರು ಬಳಿಕ ಸ್ಟ್ಯಾನ್‌ಫರ್ಡಿನಲ್ಲಿ ಗ್ರಾಹಕದ ರೂಪವನ್ನೇ ಕಾಣಲು ಹೊರಟರು. ಅದಕ್ಕೆ ಪ್ರೋಟೀನನ್ನು ಹರಳುಗಟ್ಟಿಸಿ ಕ್ಷಕಿರಣಗಳಿಗೆ ಒಡ್ಡಬೇಕು. ಸದಾ ಅಲುಗುವ ಈ ಗ್ರಾಹಕವೋ ಹರಳಾಗಲೊಲ್ಲದು. ವರ್ಷಗಳು ಉರುಳಿದವು, ನಡುವೆ ಧನಸಹಾಯವೂ ನಿಂತಿತು. ಸಂಸಾರನಿರ್ವಹಣೆಗಾಗಿ ಅವರು ರಜಾದಿನಗಳಲ್ಲಿ ಆಸ್ಪತ್ರೆಯ ತುರ್ತುಚಿಕಿತ್ಸೆಯ ಕೊಠಡಿಯಲ್ಲಿ ದುಡಿದದ್ದೂ ಉಂಟು. 2007ರಲ್ಲಿ ರೂಪವು ಕಂಡಿತು. 2011ರಲ್ಲಿ ಗ್ರಾಹಕವು ಜಿ-ಪ್ರೋಟೀನನ್ನು ತಬ್ಬಿ ಸಂದೇಶವನ್ನು ಒಪ್ಪಿಸುತ್ತಿರುವ ಭಂಗಿಯೇ ಕಣ್ಣಿಗೆ ಬಿದ್ದಿತು. 2012ರಲ್ಲಿ ಗುರುಶಿಷ್ಯರಿಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಿಕವು ಸಂದಿತು. ಸುದ್ದಿಯ ಕರೆ ಬಂದ ಮುಂಜಾನೆ ಲೆಫ್ಕೊವಿಟ್ಸ್ ಅವರು ಕಿವಿಗೆ ಬಿರಟೆಯಿಟ್ಟುಕೊಂಡು ಮಲಗಿದ್ದರಂತೆ. ಪತ್ನಿಯವರು ತಿವಿದು ಎಬ್ಬಿಸಬೇಕಾಯಿತು.

ರೋಗಿಗಳಿಗೆ ಇದರಿಂದ ಆಗುವುದೇನೆಂದು ಕೇಳುವವರು ಉಬ್ಬಸದ ಸಂಗತಿಯನ್ನು ನೋಡಬೇಕು. ಹೃದಯದಲ್ಲಿ ಹೆಚ್ಚಾಗಿರುವುದು ಬೀಟಾ-ಒಂದು, ಶ್ವಾಸನಾಳದಲ್ಲಿರುವುದು ಬೀಟಾ-ಎರಡು. ಎರಡನ್ನೂ ಮುಚ್ಚುವ ಪ್ರೊಪ್ರನಲಾಲನ್ನು ಉಬ್ಬಸದವರಿಗೆ ಕೊಟ್ಟರೆ ಉಸಿರೇ ಕಟ್ಟುವ ಅಪಾಯವುಂಟು. ಮುಖ್ಯವಾಗಿ ಬೀಟಾ-ಎರಡನ್ನು ತಟ್ಟುವ ಸಾಲ್ಬ್ಯುಟಮಾಲನ್ನು ಸೇದಿದರೆ ನಾಳವು ತೆರೆದು ನಿಮಿಷಗಳಲ್ಲಿ ಉಸಿರಾಟವು ಸರಾಗವಾಗುವುದು. ಆದರೆ ಬಾಗಿಲನ್ನು ಎಡೆಬಿಡದೆ ತಟ್ಟಿದರೆ ಒಳಗಿನವರು ಅಗುಳಿ ಹಾಕಿಕೊಳ್ಳುವರು. ಲೆಫ್ಕೊವಿಟ್ಸ್ ಅವರ ಮನೆತನದ ಶೋಧಗಳಲ್ಲಿ, ಎಂದರೆ ಅವರ ಪ್ರಯೋಗಶಾಲೆಯ ಶೋಧಗಳಲ್ಲಿ, ಇದೂ ಒಂದು: ಬಹಳ ಹೊತ್ತು ಪ್ರೇರಿತವಾದ ಗ್ರಾಹಕಕ್ಕೆ ಒಂದು ಕಿಣ್ವವು ರಂಜಕದ ಗುರುತನ್ನಿಡುವುದು, ಆ ಗುರುತನ್ನು ಕಂಡು ಅರೆಸ್ಟಿನ್ ಎಂಬ ಪ್ರೋಟೀನು ಬಂದು ಅಡ್ಡ ಕುಳಿತುಕೊಳ್ಳುವುದು. ಗ್ರಾಹಕವು ಮಂದವಾಗುವುದು, ಒಳಕ್ಕೂ ಸರಿಯುವುದು. ಸಾಲ್ಬ್ಯುಟಮಾಲನ್ನೇ ನೆಚ್ಚಿ ದಿನವೂ ಪದೇಪದೇ ಸೇದುವವರಲ್ಲಿ ಅದರ ಬಲವು ತಗ್ಗುವುದಕ್ಕೆ ಇದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೂ ಇದೆ: ನಾಳದೊಳಗಿನ ಉರಿಯೂತವನ್ನು ಆ ಔಷಧವು ಮುಟ್ಟುವುದಿಲ್ಲ, ನೆಮ್ಮದಿಯ ಮರೆಯಲ್ಲಿ ರೋಗವು ಬೆಳೆಯುವುದು. ಈ ಕಾರಣದಿಂದಲೇ 2019ರಲ್ಲಿ ಉಬ್ಬಸದ ಚಿಕಿತ್ಸೆಗೆ ಮಾರ್ಗದರ್ಶನ ಮಾಡುವ ಅಂತರರಾಷ್ಟ್ರೀಯ ವೈದ್ಯಮಂಡಲಿಯು, ವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬ್ಯುಟಮಾಲಿನಂಥ ಔಷಧವೊಂದನ್ನೇ ಕೊಡುವ ಪದ್ಧತಿಯನ್ನು ಕೈಬಿಟ್ಟು, ಉರಿಯೂತವನ್ನು ತಗ್ಗಿಸುವ ಸೇದುವ ಸ್ಟೆರಾಯ್ಡನ್ನು ಜೊತೆಗೂಡಿಸಬೇಕೆಂದು ವಿಧಿಸಿತು. ಮನೆಯಲ್ಲಿ ಉಬ್ಬಸದವರಿರುವ ಭಕ್ತರು, ಕೈಯಲ್ಲಿರುವ ಔಷಧವು ಯಾವ ಬಗೆಯದೆಂಬುದನ್ನು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳತಕ್ಕುದು.